ಬೀದರಿನಲ್ಲಿ ಏಳು ದಿನ, ಅಕ್ಕೋರ ಮಾಳಿಗೆ ಮೇಲೆ

ಬೀದರಿಗೆ ಒಂದು ವಾರ ಹೋಗುತ್ತಿದ್ದೇವೆ ಅಂತ ಕಲಬುರಗಿಯಲ್ಲಿ ಯಾರಿಗಾದರೂ ಹೇಳಿ ನೋಡಿ. "ಯಾರದು ಮದುವಿ ಅದರಿ?" ಅಂತಾರೆ. ಮದುವೆ ಇಲ್ಲ ಅಂದರೆ, "ಮತ್ತ, ಯಾರಿಗರ ಆರಾಮಿಲ್ಲೇನು?" ಸುಮ್ನೆ ಊರು ನೋಡಲಿಕ್ಕೆ ಅಂದರೆ ಮುಖ ನೋಡುತ್ತಾರೆ. ನಮ್ಮ ಕಡೆಯವರಿಗೆ ಬೀದರ್ ಅಂದರೆ ಬೆಳಿಗ್ಗೆ ಬಸ್ ಹತ್ತಿ, ಕೋಟೆ ತಿರುಗಿ, ನಾನಕ್ ಝರಾ ಗುರುದ್ವಾರದಲ್ಲಿ ಉಂಡು, ರಾತ್ರಿ ಮನೆಗೆ ಬಂದು ಮಲಗುವ ಊರು. ನಾನೂ ಹಾಗೆ ನಾಲ್ಕು ಸಲ ಹೋಗಿದ್ದೇನೆ. ನಾಲ್ಕೂ ಸಲದ್ದು ಸೇರಿ ನೆನಪಿರುವುದು ಬಿಸಿಲು ಮತ್ತು ಕಾಲುನೋವು.

ಈ ಸಲ ಅವ್ವ ಜೊತೆಗಿದ್ದಳು. ವಯಸ್ಸು 72, ಎರಡೂ ಮೊಣಕಾಲು ಹೋಗಿವೆ, ಆದರೆ ನೋಡುವ ಹುಚ್ಚು ಹೋಗಿಲ್ಲ. ಸಣ್ಣವಳಿದ್ದಾಗ ಬೀದರಿನ ಸೋದರಮಾವನ ಮನೆಯಲ್ಲಿ ರಜೆ ಕಳೆದವಳು. ಆ ಮನೆ ಈಗ ಇಲ್ಲ. ಅವಳಿಗೆ ಒಂದು ದಿನದ ಓಡಾಟ ಆಗುವುದಿಲ್ಲ ಅಂತ ಲೆಕ್ಕ ಬೇರೆ ಹಾಕಿದೆ. ಬೆಳಿಗ್ಗೆ ಒಂದೇ ಜಾಗ. ಹನ್ನೊಂದಕ್ಕೆ ವಾಪಸ್. ಊಟ, ನಿದ್ದೆ. ಸಂಜೆ ಮನಸ್ಸಾದರೆ ಮಾತ್ರ ಹೊರಗೆ. ಹೀಗೆ ಏಳು ದಿನ.

ಈ ಲೆಕ್ಕಕ್ಕೆ ಲಾಡ್ಜ್ ಆಗುವುದಿಲ್ಲ, ಇದು ಅನುಭವದ ಮಾತು. ಮೊದಲು ಒಂದು ಲಾಡ್ಜಿಗೇ ಅಡ್ವಾನ್ಸ್ ಕೊಟ್ಟಿದ್ದೆ. ಹೆಸರು ಬೇಡ. ಫೋನಿನಲ್ಲಿ ಲಿಫ್ಟ್ ಇದೆ ಅಂದಿದ್ದರು. ಲಿಫ್ಟ್ ಇತ್ತು, ಸುಳ್ಳಲ್ಲ, ಅದರ ಬಾಗಿಲಿಗೆ ಹಗ್ಗ ಕಟ್ಟಿ ಒಳಗೆ ಹಾಸಿಗೆ ಪೇರಿಸಿದ್ದರು. ರೂಮು ಮೂರನೇ ಮಹಡಿ. ಅವ್ವ ಕೆಳಗೆ ಸೋಫಾದ ಮೇಲೆ ಕೂತು, "ನಾ ಇಲ್ಲೇ ಇರ್ತೀನಿ ಯವ್ವಾ, ನೀ ಮ್ಯಾಲ ಹೋಗಿ ಮಕ್ಕೋ" ಅಂದಳು. ಅಡ್ವಾನ್ಸ್ 1,000ದಲ್ಲಿ ಅರ್ಧ ವಾಪಸ್ ಬಂತು. ಅದೂ ಅರ್ಧ ಗಂಟೆ ವಾದ ಮಾಡಿದ ಮೇಲೆ.

ಅಲ್ಲಿಂದಲೇ ಪರಿಚಯದವರಿಗೆ ಫೋನ್ ಮಾಡಿ ಸಿಕ್ಕಿದ್ದು ಈ ಮನೆ. ಹಳೇ ಊರಿನ ಒಳಗೆ, ಚೌಬಾರಾ ಅನ್ನುವ ಹಳೇ ಗೋಪುರದಿಂದ ನಡೆದರೆ ಐದು ನಿಮಿಷ, ಅವ್ವನ ನಡಿಗೆಯಲ್ಲಿ ಹದಿನೈದು. ರಿಟೈರ್ ಆದ ಶಾಲೆ ಟೀಚರೊಬ್ಬರದು. ಓಣಿಯವರೆಲ್ಲ ಅಕ್ಕೋರು ಅಂತಾರೆ, ನಾವೂ ಹಾಗೇ ಕರೆದೆವು. ಕೆಳಗೆ ಅವರು ಇರುತ್ತಾರೆ. ಹಿಂದೆ ಅಂಗಳಕ್ಕೆ ಹೊಂದಿ ಒಂದು ಕೋಣೆ, ಮಾಳಿಗೆ ಮೇಲೆ ಇನ್ನೊಂದು. ಈ ಎರಡನ್ನು ಬಾಡಿಗೆಗೆ ಕೊಡುತ್ತಾರೆ. ಬೋರ್ಡಿಲ್ಲ. "ಹೆಸರು ಎಲ್ಲಿಯೂ ಹಾಕಬ್ಯಾಡ್ರಿ, ಜಾತ್ರಿ ಆಗ್ತದ" ಅಂತ ಹೇಳಿದ್ದಕ್ಕೆ ಇಲ್ಲಿಯೂ ಹಾಕುತ್ತಿಲ್ಲ. ದಿನಕ್ಕೆ 1,000, ವಾರಕ್ಕೆ 6,000. ಊಟ ಬೇರೆ, ಒಂದು ಹೊತ್ತಿಗೆ ಒಬ್ಬರಿಗೆ 100.

ಮೊದಲು ಕೊರತೆ ಹೇಳಿಬಿಡುತ್ತೇನೆ. ಫೋನಿಗೆ ಬಂದ ಫೋಟೋದಲ್ಲಿ ಕಮೋಡ್ ಇತ್ತು. ನಮಗೆ ಕೊಟ್ಟ ಮೇಲಿನ ಕೋಣೆಯಲ್ಲಿ ಇರಲಿಲ್ಲ. ಫೋಟೋ ಕೆಳಗಿನ ಕೋಣೆಯದು. ಮೊಣಕಾಲು ನೋವಿನವರಿಗೆ ಇದು ಸಣ್ಣ ವಿಷಯ ಅಲ್ಲ, ಇದೇ ವಿಷಯ. ಫೋಟೋ ಕಳಿಸಿದ್ದು ಅಕ್ಕೋರ ತಂಗಿ ಮಗ, ಹೈದರಾಬಾದಿನಲ್ಲಿರುತ್ತಾನಂತೆ. ಅಕ್ಕೋರು ಅವನಿಗೆ ಫೋನಿನಲ್ಲೇ ಬೈದದ್ದು ಕೇಳಿ ನನಗೆ ನನ್ನ ನಾಲ್ಕನೇ ತರಗತಿ ನೆನಪಾಯಿತು. ಕೆಳಗಿನ ಕೋಣೆಯಲ್ಲಿದ್ದ ಪರೀಕ್ಷೆ ಬರೆಯುವ ಹುಡುಗ ಮರುದಿನ ಖಾಲಿ ಮಾಡಿದ, ನಾವು ಇಳಿದೆವು. ಅಂದರೆ ಒಂದು ರಾತ್ರಿ ಅವ್ವ ಹದಿನಾಲ್ಕು ಮೆಟ್ಟಿಲು ಮೂರು ಸಲ ಹತ್ತಿ ಇಳಿದಳು. ಅದಕ್ಕೆ ಅಂಕ ಕಳೆಯಲೇಬೇಕು. ಗೀಜರ್ ಬೆಳಿಗ್ಗೆ ಏಳರವರೆಗೆ ಮಾತ್ರ. ಬೀದರಿನ ಚಳಿ ನಮ್ಮ ಕಲಬುರಗಿ ಚಳಿ ಅಲ್ಲ, ಊರು ಎತ್ತರದಲ್ಲಿದೆ, ಡಿಸೆಂಬರಿನಲ್ಲಿ ಹೋಗುವವರು ಒಂದಲ್ಲ, ಎರಡು ಸ್ವೆಟರ್ ಇಟ್ಟುಕೊಳ್ಳಿ. ನಾನು ಒಂದೇ ಒಯ್ದು, ಏಳು ದಿನ ಅವ್ವನ ಶಾಲು ಕದ್ದುಕೊಂಡು ಓಡಾಡಿದೆ.

ಇನ್ನು ಒಳ್ಳೆಯದು. ಅದು ಮಧ್ಯಾಹ್ನ.

ಇದು ವಿಚಿತ್ರ ಅನ್ನಿಸಬಹುದು. ಒಂದು ದಿನಕ್ಕೆ ಹೋದವರಿಗೆ ರೂಮು ಅಂದರೆ ರಾತ್ರಿ ಬೆನ್ನು ಹಾಕುವ ಜಾಗ, ಅಷ್ಟೇ. ಒಂದು ವಾರ ಇರುವವರಿಗೆ ಹಾಗಲ್ಲ. ಹನ್ನೊಂದರಿಂದ ನಾಲ್ಕರವರೆಗೆ ನೀವು ಅಲ್ಲೇ ಇರಬೇಕು, ಬಟ್ಟೆ ಒಣಗಬೇಕು, ಚಹಾ ಕುದಿಯಬೇಕು, ಯಾರೂ ಬಾಗಿಲು ಬಡಿದು ರೂಮ್ ಕ್ಲೀನಿಂಗ್ ಅನ್ನಬಾರದು. ಈ ಮನೆಯ ಅಂಗಳದಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ನವಾರಿನ ಮಂಚ. ಗೋಡೆ ಜಂಬಿಟ್ಟಿಗೆಯದು, ಆ ಕೆಂಪು ತೂತು ಕಲ್ಲು, ಬೀದರಿನಲ್ಲಿ ಎಲ್ಲಿ ಅಗೆದರೂ ಅದೇ. ಊಟ ಆದ ಮೇಲೆ ಅವ್ವ ಮಂಚದ ಮೇಲೆ ಉರುಳಿದರೆ ಮೂರೂವರೆಗೇ ಏಳುವುದು. ಅವಳ ನಿದ್ದೆಗೆ ಇದ್ದ ಒಂದೇ ಶತ್ರು ಏರ್ ಫೋರ್ಸಿನ ವಿಮಾನ. ಬೀದರಿನಲ್ಲಿ ಪೈಲಟ್‌ಗಳಿಗೆ ಟ್ರೈನಿಂಗ್ ಕೊಡುವ ನೆಲೆ ಇದೆ. ತಲೆ ಮೇಲೆ ಜೆಟ್ ಹೋದಾಗ ಮೊದಲ ದಿನ ನಾನು ತಟ್ಟೆ ಬಿಟ್ಟೆ. ಅಕ್ಕೋರು ತಲೆ ಎತ್ತದೆ ತೊಗರಿ ಆರಿಸುತ್ತಾ ಕೂತಿದ್ದರು.

ಊಟದ ಬಗ್ಗೆ ಹೇಳಬೇಕೆಂದರೆ, ಭಕ್ರಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕಡೆಗೆ ಮಜ್ಜಿಗೆ. ದಿನಾ ಇಷ್ಟೇ, ಪಲ್ಯ ಮಾತ್ರ ಬದಲಾಗುತ್ತದೆ. ವೈವಿಧ್ಯ ಬೇಕು ಅನ್ನುವವರಿಗೆ ಬೇಸರ ಆಗಬಹುದು. ನಮಗೆ ಆಗಲಿಲ್ಲ. ಖಾರ ಮಾತ್ರ ಕಲಬುರಗಿಯವರಾದ ನಮಗೇ ಒಂದು ಹೆಜ್ಜೆ ಜಾಸ್ತಿ. ಬೆಂಗಳೂರು ಕಡೆಯವರು ಮೊದಲೇ ಹೇಳಿಡಿ.

ಓಡಾಟಕ್ಕೆ ಅಕ್ಕೋರೇ ಒಂದು ಆಟೋ ಗೊತ್ತು ಮಾಡಿದರು. ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರವರೆಗೆ, 400. ಆಟೋ ಭಾಯಿ ಮೊದಲ ದಿನವೇ ಕೋಟೆ, ಮದರಸಾ, ಅಷ್ಟೂರು, ಝರಾ, ಪಾಪನಾಶ, ಎಲ್ಲಾ ಒಂದೇ ದಿನಕ್ಕೆ 900ಕ್ಕೆ ಮುಗಿಸಿಕೊಡುತ್ತೇನೆ ಅಂದ. ಬೇಡ, ದಿನಕ್ಕೊಂದು ಅಂದೆ. ಅವನಿಗೆ ಅರ್ಥವಾಗಲಿಲ್ಲ. "ಅಕ್ಕಾ, ಕೋಟಿ ಒಳಗ ಅಷ್ಟೊತ್ತು ಏನ್ ಮಾಡ್ತೀರಿ?" ಮೂರನೇ ದಿನದ ಹೊತ್ತಿಗೆ ಅವನೂ ಸೀಟು ಹಿಂದಕ್ಕೆ ಮಾಡಿ ನಿದ್ದೆ ಹೊಡೆಯಲು ಶುರು ಮಾಡಿದ್ದ.

ಕೋಟೆಗೆ ಎರಡು ಬೆಳಿಗ್ಗೆ ಕೊಟ್ಟೆವು. ಮೊದಲ ದಿನ ರಂಗೀನ್ ಮಹಲ್ ಮತ್ತು ಸೋಲಾ ಖಂಬಾ ಮಸೀದಿ, ಅಷ್ಟೇ. ರಂಗೀನ್ ಮಹಲಿಗೆ ಬೀಗ ಇತ್ತು, ಅಲ್ಲೇ ಇದ್ದ ಸಿಬ್ಬಂದಿಯನ್ನು ಕೇಳಿದರೆ ತೆಗೆದು ತೋರಿಸಿದರು. ಕೇಳದೆ ಬೀಗ ನೋಡಿ ವಾಪಸ್ ಬರುವವರೇ ಜಾಸ್ತಿ, ನಾನೇ ನಾಲ್ಕು ಸಲ ಬಂದಿದ್ದೇನೆ. ಒಳಗೆ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆ. ಬಹಮನಿಗಳ ನಂತರ ಬೀದರ್ ಆಳಿದ ಬರೀದ್‌ಶಾಹಿಗಳ ಕಾಲದ್ದು, ಅಲೀ ಬರೀದ್ ಮಾಡಿಸಿದ್ದು. ನೇರ ನಿಂತು ನೋಡಿದರೆ ಬರೀ ಬಿಳಿ ಬಳ್ಳಿ. ಸ್ವಲ್ಪ ಪಕ್ಕಕ್ಕೆ ಸರಿದರೆ ಅದೇ ಚಿಪ್ಪು ಗುಲಾಬಿ ಆಗುತ್ತದೆ, ಇನ್ನೊಂದು ಹೆಜ್ಜೆ ಸರಿದರೆ ಹಸಿರು. ಅವ್ವ ಕೋಲೂರಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಎಷ್ಟು ಸಲ ಹೋದಳೋ. ಬೀಗ ತೆಗೆದವರು ಪಾಪ ಹೊರಗೆ ಬಿಸಿಲು ಕಾಯಿಸುತ್ತಾ ನಿಂತಿದ್ದರು.

ಎರಡನೇ ಬೆಳಿಗ್ಗೆ ತಖ್ತ್ ಮಹಲ್ ಕಡೆ. ಬಹಮನಿ ಸುಲ್ತಾನ ಅಹಮದ್ ಶಾಹ ನಮ್ಮ ಕಲಬುರಗಿಯಿಂದ ರಾಜಧಾನಿ ಎತ್ತಿಕೊಂಡು ಬಂದಿದ್ದು ಈ ಊರಿಗೇ, 1420ರ ದಶಕದಲ್ಲಿ. ಇಷ್ಟು ತಣ್ಣಗಿನ ಊರು ನೋಡಿದ ಮೇಲೆ ಅವನನ್ನು ಬೈಯಲಿಕ್ಕೆ ಮನಸ್ಸು ಬರುವುದಿಲ್ಲ. ಕೋಟೆಯ ಕಂದಕ ಒಂದು ಕಡೆ ಮೂರು ಸಾಲು ಇದೆ, ನಡುವೆ ಬಂಡೆಯನ್ನೇ ಗೋಡೆ ಹಾಗೆ ಬಿಟ್ಟು ಕೊರೆದಿದ್ದಾರೆ. ಆಟೋದಲ್ಲಿ ಸರ್ ಅಂತ ಹೋದರೆ ಅದು ಬರೀ ಗುಂಡಿ ಹಾಗೆ ಕಾಣುತ್ತದೆ, ಇಳಿದು ಸೇತುವೆ ಮೇಲೆ ಎರಡು ನಿಮಿಷ ನಿಲ್ಲಿ.

ಮಹಮೂದ್ ಗವಾನನ ಮದರಸಾ ಮನೆಯಿಂದ ಕೋಟೆಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಹಾಗಾಗಿ ಅದಕ್ಕೆ ಬೆಳಿಗ್ಗೆ ಅಂತ ಇಡಲಿಲ್ಲ, ಮೂರು ಸಂಜೆ ಅಲ್ಲೇ ಹೋಗಿ ಕೂತೆವು. 1472ರಲ್ಲಿ ಕಟ್ಟಿಸಿದ್ದು. ಇರಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಮಂತ್ರಿಯಾದ ಮನುಷ್ಯ. ಕಡೆಗೆ ಯಾರೋ ಖೊಟ್ಟಿ ಪತ್ರಕ್ಕೆ ಇವನ ಮೊಹರು ಹಾಕಿಸಿದರು, ಸುಲ್ತಾನ ಹಿಂದೆ ಮುಂದೆ ನೋಡದೆ 1481ರಲ್ಲಿ ತಲೆ ತೆಗೆಸಿದ. ಮದರಸಾದ ಗತಿಯೂ ಅಂಥದ್ದೇ, 1696ರಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ಅರ್ಧ ಹಾರಿಹೋಯಿತು. ಈಗ ಒಂದೇ ಮಿನಾರು. ಅದರ ಮೇಲೆ ನೀಲಿ ಹೆಂಚಿನ ಚೂರು ಅಲ್ಲಲ್ಲಿ ಉಳಿದಿವೆ. ಬೆಳಿಗ್ಗೆ ಅವು ಕಾಣುವುದೇ ಇಲ್ಲ ಅನ್ನಬೇಕು. ಸಂಜೆ ಐದರ ಬಿಸಿಲು ಓರೆಯಾಗಿ ಬಿದ್ದಾಗ ನೀಲಿ, ಹಳದಿ, ಬಿಳಿ ಒಂದೊಂದಾಗಿ ಹೊಳೆಯುತ್ತವೆ. ಒಂದು ದಿನಕ್ಕೆ ಬಂದವರು ಆ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿರುತ್ತಾರೆ. ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ, ಹೊರಗೆ ಗಾಡಿಯಲ್ಲಿ ಮಿರ್ಚಿ ಭಜಿ ಸಿಗುತ್ತದೆ. ಕಾಗದ ಅಲ್ಲೇ ಬಿಸಾಕಬೇಡಿ, ದಯವಿಟ್ಟು.

ಅಷ್ಟೂರಿಗೆ ಒಂದು ಬೆಳಿಗ್ಗೆ. ಊರಿಂದ ಮೂರ್ನಾಲ್ಕು ಕಿಲೋಮೀಟರ್, ಹೊಲದ ನಡುವೆ ಬಹಮನಿ ಸುಲ್ತಾನರ ಗೋರಿಗಳ ಗುಮ್ಮಟ ಸಾಲಾಗಿ ನಿಂತಿವೆ. ಹುಮಾಯೂನ್ ಸುಲ್ತಾನನದು ಸಿಡಿಲು ಬಡಿದು ಅರ್ಧ ಬಿದ್ದಿದೆ. ಬಿದ್ದದ್ದರಿಂದಲೇ ಗುಮ್ಮಟ ಎಷ್ಟು ದಪ್ಪ, ಇಟ್ಟಿಗೆ ಹೇಗೆ ಜೋಡಿಸಿದ್ದಾರೆ ಅಂತ ಸೀಳಿದ ಹಣ್ಣಿನ ಹಾಗೆ ಕಾಣುತ್ತದೆ. ಅಹಮದ್ ಶಾಹ ವಲಿಯ ಗೋರಿಯೊಳಗೆ ಕತ್ತಲು. ಅಲ್ಲಿದ್ದ ಅಜ್ಜ ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದ. ಆ ಬೆಳಕಿನ ತುಂಡು ಗುಮ್ಮಟದ ಮೇಲೆ ಓಡಾಡಿದ ಕಡೆಯೆಲ್ಲ ಕೆಂಪು, ಬಂಗಾರದ ಬಳ್ಳಿ, ಅಕ್ಷರ ಎದ್ದು ಬಂದವು. ಇಲ್ಲಿಯ ಜಾತ್ರೆಗೆ ಲಿಂಗಾಯತ ಜಂಗಮರು ಬಂದು ಪೂಜೆ ಮಾಡುತ್ತಾರೆ, ಮುಸ್ಲಿಮರಿಗೆ ವಲಿ, ಇವರಿಗೆ ಅಲ್ಲಮಪ್ರಭು. ಅವ್ವನಿಗೆ ಇದು ಮೊದಲೇ ಗೊತ್ತಿತ್ತು. ಕಾಯಿ ತಂದಿದ್ದಳು ಕೂಡ, ನನಗೆ ಹೇಳದೆ.

ಬಿದ್ರಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಈ ಊರಿನ ಕೆಲಸ, ನೋಡಲು ಶೋರೂಮಿಗೆ ಹೋಗಬೇಡಿ, ಮೊದಲು ಕೆಲಸ ನಡೆಯುವ ಜಾಗಕ್ಕೆ ಹೋಗಿ. ಅಕ್ಕೋರ ಹಳೇ ವಿದ್ಯಾರ್ಥಿಯೊಬ್ಬರು ಪಕ್ಕದ ಗಲ್ಲಿಯಲ್ಲೇ ಕೆಲಸ ಮಾಡುತ್ತಾರೆ. ನೆಲದ ಮೇಲೆ ಕೂತು, ಸಣ್ಣ ಉಳಿಯಿಂದ ಗೀರು ಕೊರೆದು, ಬೆಳ್ಳಿ ತಂತಿಯನ್ನು ಅದರಲ್ಲಿ ಮಲಗಿಸಿ ಟಿಕ್ ಟಿಕ್ ಅಂತ ಬಡಿಯುತ್ತಿದ್ದರು. ಸತು ಜಾಸ್ತಿ, ತಾಮ್ರ ಸ್ವಲ್ಪ, ಇದು ಅದರ ಲೋಹ. ಆಗ ಇನ್ನೂ ಬೂದಿ ಬಣ್ಣ. ಕಡೆಗೆ ಕೋಟೆಯೊಳಗಿನ ಹಳೇ ಮಣ್ಣಿಗೆ ನವಸಾಗರ ಹಾಕಿ ಬಿಸಿ ಮಾಡಿದ ನೀರು ಹಚ್ಚುತ್ತಾರೆ. ಲೋಹ ಕರ್ರಗಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಮಳೆ ಬಿಸಿಲು ಬೀಳದ ಜಾಗದ ಮಣ್ಣೇ ಬೇಕಂತೆ, ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರಂತೆ. ಅವ್ವ ಕೇಳಿದಳು, "ರುಚಿ ಹ್ಯಾಂಗಿರ್ತದಪ್ಪ?" ಅವರು ನಕ್ಕು ಒಂದು ಚಿಟಿಕೆ ಕೊಟ್ಟರು. ಅವ್ವ ಇಟ್ಟುಕೊಂಡೇಬಿಟ್ಟಳು ನಾಲಿಗೆ ಮೇಲೆ. "ಉಪ್ಪುಪ್ಪು" ಅಂದಳು.

ಅಲ್ಲಿ ಒಂದು ಕುಂಕುಮದ ಡಬ್ಬಿ ಕೊಂಡೆವು. ಹಿಂದಿನ ಸಲ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ತಂದಿದ್ದ ಆನೆ ಮನೆಯಲ್ಲಿದೆ, ಎರಡೇ ವರ್ಷಕ್ಕೆ ಅದರ ಬೆನ್ನಿನ ಕಪ್ಪು ಪದರ ಪದರವಾಗಿ ಎದ್ದಿದೆ. ಬಣ್ಣ ಬಳಿದದ್ದು. ಈಗ ಗೊತ್ತಾಯಿತು ಅಲ್ವಾ, ಏನು ಮಾಡುವುದು. ಬಿದ್ರಿಗೆ 2006ರಿಂದ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಗುರುತು ಇದೆ. 2023ರಲ್ಲಿ ಇದೇ ಊರಿನ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀಯೂ ಬಂತು. ಆದರೂ ಗಲ್ಲಿಯಲ್ಲಿ ಕೂತು ಬಡಿಯುವವರ ಮುಂದೆ ಚೌಕಾಸಿ ಮಾಡುವಾಗ ಅದು ಯಾರಿಗೂ ನೆನಪಾಗುವುದಿಲ್ಲ.

ಐದನೇ ದಿನ ನನ್ನ ಪಟ್ಟಿಯಲ್ಲಿ ಬರೀದ್‌ಶಾಹಿ ಗೋರಿಗಳು ಇದ್ದವು. ಅವತ್ತು ಎಳ್ಳಮಾವಾಸ್ಯೆ ಅನ್ನುವುದನ್ನೇ ಮರೆತಿದ್ದೆ. ಕಲಬುರಗಿಯಲ್ಲಿ ಫ್ಲಾಟಿಗೆ ಬಂದ ಮೇಲೆ ಹೀಗೇ ಆಗಿದೆ ನೋಡಿ, ಕ್ಯಾಲೆಂಡರ್ ನೋಡುವುದು ಸಿಲಿಂಡರ್ ತಾರೀಖು ಬರೆಯಲಿಕ್ಕೆ ಮಾತ್ರ. ಬೆಳಿಗ್ಗೆ ಆಟೋ ಭಾಯಿ ಫೋನ್ ಮಾಡಿ, ಇವತ್ತು ಒಬ್ಬ ಗೌಡರ ಹೊಲಕ್ಕೆ ಊಟಕ್ಕೆ ಕರೆದಿದ್ದಾರೆ, ಬರುವುದಿಲ್ಲ ಅಂದ. ಓಣಿ ಖಾಲಿ. ಅಕ್ಕೋರು ಬುಟ್ಟಿ ಕಟ್ಟುತ್ತಿದ್ದರು. "ನಿಂತಗೊಂಡು ಏನ್ ನೋಡ್ತೀರಿ, ಗಾಡಿ ಬಂದದ, ಹತ್ರಿ" ಅಂದರು. ಹತ್ತಿದೆವು.

ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು. ದಂಟಿನಿಂದ ಪುಟ್ಟ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪೂಜೆ. ಹೊಲಕ್ಕೆ ಚರಗ, ಅಂದರೆ ನೈವೇದ್ಯ, ಚೆಲ್ಲಿ ಬಂದು ಊಟಕ್ಕೆ ಕೂತರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಡಿಕೆಯಲ್ಲಿ ತಣ್ಣಗಿನ ಅಂಬಲಿ, ಮತ್ತೆ ಭಜ್ಜಿ. ಭಜ್ಜಿ ಅಂದರೆ ಕರಿದ ಭಜಿ ಅಲ್ಲ, ದಕ್ಷಿಣದವರು ತಪ್ಪು ತಿಳಿಯಬೇಡಿ. ಹಸಿ ಕಡಲೆ, ಅವರೆ, ತೊಗರಿ, ಬಟಾಣಿ, ಮೆಂತ್ಯ, ಪಾಲಕ್, ಆ ಕಾಲಕ್ಕೆ ಹೊಲದಲ್ಲಿ ಏನಿದೆಯೋ ಅಷ್ಟೂ ಹಾಕಿ, ಕಡಲೆಹಿಟ್ಟು ಕಲಸಿ ಕುದಿಸಿದ ಗಟ್ಟಿ ಪಲ್ಯ. ಅವ್ವ ಮೂರು ಸಲ ಹಾಕಿಸಿಕೊಂಡಳು. ಅವಳ ಡಾಕ್ಟರು ಇದನ್ನು ಓದದಿರಲಿ. ಬಾಡಿಗೆಗೆ ಇದ್ದವರನ್ನು ಹೊಲಕ್ಕೆ ಕರೆದೊಯ್ಯಬೇಕು ಅಂತ ಯಾವ ರೇಟ್ ಕಾರ್ಡಿನಲ್ಲೂ ಇರುವುದಿಲ್ಲ. ಅವತ್ತಿನ ಊಟದ ದುಡ್ಡು ಲೆಕ್ಕದಲ್ಲಿ ಸೇರಿಸಿ ಅಂದದ್ದಕ್ಕೆ ಅಕ್ಕೋರು ಎರಡು ತಾಸು ನನ್ನ ಜೊತೆ ಮಾತು ಬಿಟ್ಟಿದ್ದರು.

ಆರನೇ ದಿನ ಝರಾ. ಗುರುನಾನಕರು ಬಂದ ಜಾಗ, ಬಂಡೆಯಿಂದ ಬರುವ ನೀರು ಈಗಲೂ ಹರಿಯುತ್ತದೆ. ಲಂಗರ್‌ನಲ್ಲಿ ದಾಲ್ ರೋಟಿ ಉಂಡೆವು, ಅವ್ವ ತಟ್ಟೆ ತೊಳೆಯಲು ಹೋಗಿ ಅಲ್ಲಿಯ ಹೆಂಗಸರ ಜೊತೆ ಹರಕು ಹಿಂದಿಯಲ್ಲಿ ಅರ್ಧ ಗಂಟೆ ಮಾತಾಡಿದಳು. ಝರಣಿ ನರಸಿಂಹನ ಗುಹೆಯೊಳಗೆ ಎದೆಮಟ್ಟ ನೀರಲ್ಲಿ ನಡೆಯಬೇಕು, ಅವ್ವ ಹೊರಗಿಂದಲೇ ಕೈಮುಗಿದಳು, ನಾನೂ. ನೌಬಾದ್ ಕಡೆಯ ಸುರಂಗ ಬಾವಿಗಳನ್ನು ಸಂಜೆ ನಾನೊಬ್ಬಳೇ ನೋಡಿ ಬಂದೆ. ನೆಲದೊಳಗೆ ಸುರಂಗ ಕೊರೆದು, ಮೇಲೆ ಸಾಲಾಗಿ ಬಾವಿ ತೋಡಿ ನೀರು ಹರಿಸಿದ್ದಾರೆ, ಬಹಮನಿಗಳ ಕಾಲದಲ್ಲಿ ಇರಾನಿನವರಿಂದ ಬಂದ ವಿದ್ಯೆ. ಮೇಲೆ ನಿಂತವರಿಗೆ ಬಾವಿಯ ಬಾಯಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಯಾರಾದರೂ ಗೊತ್ತಿರುವವರ ಜೊತೆ ಹೋಗಿ.

ಬಸವಕಲ್ಯಾಣವನ್ನು ಇದರಲ್ಲಿ ತುರುಕಬೇಡಿ. ಸುಮಾರು 80 ಕಿಲೋಮೀಟರ್, ಹೋಗಿ ಬರುವುದರಲ್ಲೇ ಹೆಣ ಬೀಳುತ್ತದೆ, ಅದಕ್ಕೆ ಬೇರೆಯೇ ರಜೆ ಹಾಕಿ. ಕಲಬುರಗಿಯಿಂದ ಬರುವವರು ರೈಲಿನ ಟೈಮ್ ಹೊಂದಿದರೆ ರೈಲಿಗೇ ಬನ್ನಿ, 2017ರಲ್ಲಿ ಈ ಲೈನು ಪೂರ್ತಿಯಾದ ಮೇಲೆ ಮೊಣಕಾಲಿನವರಿಗೆ ದೊಡ್ಡ ಉಪಕಾರ ಆಗಿದೆ. ನಾವು ಹೋಗುವಾಗ ಬಸ್ ಹಿಡಿದೆವು, ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತೆಗೆದುಕೊಳ್ಳಬೇಕು ಅಂತ ಅವ್ವನ ಹಟ.

ಮನೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಆ ಫೋಟೋಗೆ. ಮೆಟ್ಟಿಲು ಹತ್ತಲಾಗದವರು ಕೆಳಗಿನ ಕೋಣೆಯೇ ಬೇಕು ಅಂತ ತಂಗಿ ಮಗನಿಗಲ್ಲ, ನೇರ ಅಕ್ಕೋರಿಗೇ ಹೇಳಿ. ನಂಬರ್ ಬೇಕಾದವರು ನನ್ನನ್ನು ಕೇಳಿ, ಅವರನ್ನು ಒಂದು ಮಾತು ಕೇಳಿ ಕೊಡುತ್ತೇನೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ ಫೋನ್ ಮಾಡಬೇಡಿ. ಎತ್ತುವುದಿಲ್ಲ. ಎತ್ತಿದರೆ ಬೈಯುತ್ತಾರೆ.